ಮೂರನೇ ಸಾಲಿನ ನಿಲುಗಡೆ

ದರ್ಜಿಗೆ ಸಾಕಾಗಿತ್ತು. ಇಪ್ಪತ್ತೆರಡು ವರ್ಷ ಡೋಲು ಬಡಿದ ಭುಜ, ಅದಕ್ಕೂ ಹೆಚ್ಚು ವರ್ಷ ಮಿಷನ್ ತುಳಿದ ಕಾಲು. ಸಂಜೆಯಾದರೆ ಎರಡೂ ನಾ ಮುಂದು ತಾ ಮುಂದು ಅಂತ ನೋಯುತ್ತಿದ್ದವು. ಆದರೂ ಮೇಳ ಬಿಟ್ಟಿರಲಿಲ್ಲ. ಅವನೇನು ನಡುವೆ ಬಂದು ಸೇರಿದವನೇ? ಕಟ್ಟಿದವನು.

ಕಟ್ಟಿದ್ದು ಅಂದರೆ ಏನು ಮಹಾ! ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನಮ್ಮ ಗುಂಡಿ ಹಚ್ಚುತ್ತಾ ಹಾಡಿಕೊಳ್ಳುತ್ತಿದ್ದಳು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಅಂಚೆಯಣ್ಣ ಅದನ್ನು ಕೇಳಿ ಮಾರನೇ ದಿನ ಪಿಟೀಲು ತಂದ. ಬೇಕರಿಯವನು ಕೊಳಲು ತಂದ. ಮೂವರಲ್ಲಿ ಒಬ್ಬನಿಗೂ ಸಂಗೀತದ ಗಂಧಗಾಳಿ ಇರಲಿಲ್ಲ. ಅಮ್ಮ ಹಾಡಿದ್ದನ್ನು ಹಾಡಿದ ಹಾಗೇ ಕಲಿತರು. ಹೊಳೆ ದಾಟುವ ಹಾಡೊಂದರಲ್ಲಿ ಮೂರನೇ ಸಾಲಿನ ನಡುವೆ ಅವಳು ಚಕ್ಕನೆ ನಿಲ್ಲುತ್ತಿದ್ದಳು, ಇವರೂ ನಿಂತರು. ಎಲ್ಲರೂ ನಿಂತ ಮೇಲೆ ಡೋಲೇ ಮತ್ತೆ ಎತ್ತಿಕೊಡಬೇಕು. ಊರವರು ಆ ನಿಲುಗಡೆಗೇ ತಲೆದೂಗಿದರು. ಹೊಳೆಯ ನಡುವೆ ದೋಣಿ ನಿಂತ ಹಾಗಾಗುತ್ತದೆ ಎಂದು ಮೇಷ್ಟರೊಬ್ಬರು ವೇದಿಕೆ ಹತ್ತಿ ವ್ಯಾಖ್ಯಾನವನ್ನೂ ಮಾಡಿದರು.

ಕಾಲ ಒಂದೇ ಸಮ ಇರುತ್ತದೆಯೇ? ಅಮ್ಮ ಹೋದಳು. ಬೇಕರಿಯವನು ಹಲ್ಲು ಕಟ್ಟಿಸಿಕೊಂಡ ಮೇಲೆ ಕೊಳಲಿನಿಂದ ಬರೀ ಗಾಳಿ ಬಂತು, ಅವನೂ ಬಿಟ್ಟ. ಅಂಚೆಯಣ್ಣನ ಮಗಳು ಹಾಡಲು ಬಂದಳು, ಅವಳ ಹಿಂದೆ ಅವಳ ಗಂಡ, ಗಂಡನ ಹಿಂದೆ ಕೀಬೋರ್ಡು. ಹುಡುಗಿ ಒಳ್ಳೆಯವಳೇ, ದರ್ಜಿಯನ್ನು ಮಾವ ಮಾವ ಎನ್ನುತ್ತಾ ಡೋಲನ್ನು ತಾನೇ ಹೊರುತ್ತಿದ್ದಳು. ಆದರೆ ಹಾಡನ್ನು ರೆಕಾರ್ಡು ಮಾಡುವ ಮಾತು ಬಂದಾಗ ಆ ನಿಲುಗಡೆ ಬೇಡ ಎಂದಳು. ಕೇಳುವವರು ಮೊಬೈಲು ಕೆಟ್ಟಿತು ಅಂದುಕೊಳ್ಳುತ್ತಾರಂತೆ.

ದರ್ಜಿಗೆ ಮೈಯೆಲ್ಲ ಉರಿಯಿತು. ಮೇಳದಲ್ಲಿ ಅಮ್ಮನದು ಅಂತ ಉಳಿದದ್ದೇ ಅದೊಂದು. ಅದು ಹೋದರೆ ತಾನೂ ಮೇಳ ಬಿಟ್ಟು ಹೋಗುವುದೇ ಸೈ ಎಂದು ಒಳಗೊಳಗೇ ತೀರ್ಮಾನಿಸಿದ. ಹಳೆಯ ಹಾಡು ಇರುವುದೇ ಹಾಗೆ, ಬೇಕಾದರೆ ಸಾಕ್ಷಿ ತರುತ್ತೇನೆ ಎಂದು ಜಗಳವಾಡಿ, ಎರಡು ಬಸ್ಸು ಬದಲಿಸಿ ಹೋಗಿ ಅಮ್ಮನ ತಂಗಿಯನ್ನು ಕರೆತಂದ. ಅಕ್ಕತಂಗಿ ಆ ಹಾಡು ಕಲಿತದ್ದು ಒಟ್ಟಿಗೇ.

ಚಿಕ್ಕಮ್ಮ ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಹಾಡಿದರು. ಮೂರನೇ ಸಾಲು ಬಂತು. ಎಲ್ಲೂ ನಿಲ್ಲದೆ ಹೋಯಿತು.

"ಚಿಕ್ಕಮ್ಮಾ, ಅಲ್ಲಿ ನಿಲ್ಲಿಸ್ಬೇಕಲ್ವಾ? ಅಮ್ಮ ನಿಲ್ಲಿಸ್ತಿದ್ದಳು."

ಚಿಕ್ಕಮ್ಮ ನಕ್ಕೇ ಬಿಟ್ಟರು. "ನಿಮ್ಮಮ್ಮ ದಾರ ಕಡೀತಿದ್ದಳು ಕಣೋ. ಒಂದು ಗುಂಡಿಗೆ ಎರಡೂವರೆ ಸಾಲು, ಅಳತೆ ಹಾಕಿದ ಹಾಗೆ. ಬಾಯಲ್ಲಿ ದಾರ ಇಟ್ಕೊಂಡು ಹಾಡೋದು ಹೇಗಪ್ಪಾ?"

ಕೀಬೋರ್ಡಿನವನು ನಗು ತಡೆಯಲು ಕೆಮ್ಮಿದ. ಅಂಚೆಯಣ್ಣ ಪಿಟೀಲಿನ ತಂತಿ ಬಿಗಿಮಾಡುತ್ತಾ ಕೂತ. ಅಮ್ಮನ ಪಕ್ಕದಲ್ಲೇ ಕೂತು ಹೊಲಿದ ದರ್ಜಿಗೇ ಅದು ಕಂಡಿರಲಿಲ್ಲವಲ್ಲ! ಊರಿಗೆಲ್ಲ ಅಂಗಿ ಹೊಲಿದು ತಾನೇ ಬರಿಮೈಯಲ್ಲಿ ನಿಂತಂತಾಯಿತು.

"ತೆಗೆದ್ಬಿಡಮ್ಮ," ಎಂದ ಹುಡುಗಿಗೆ.

ಆ ವಾರವೇ ರೆಕಾರ್ಡು ಆಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸವನ್ನು ಅವನ ಕೈಗಳು ಅರ್ಧ ಗಂಟೆಯಲ್ಲಿ ಮರೆತವು. ಅವಾದರೂ ಸ್ವಲ್ಪ ತಕರಾರು ಮಾಡಬಾರದಿತ್ತೇ? ಹಾಡು ಚೆನ್ನಾಗಿಯೇ ಬಂತು. ಇನ್ನು ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಕೈಲಾಗುವುದಿಲ್ಲ ಎಂದ. ಹುಡುಗಿ ಬೇಡ ಮಾವ ಎಂದು ಎಷ್ಟೋ ಬೇಡಿಕೊಂಡಳು. ಕೊನೆಗೆ ಡೋಲನ್ನು ಅಂಗಡಿಯವರೆಗೆ ಹೊತ್ತು ತಂದು, ಮೂಲೆಯಲ್ಲಿಟ್ಟು ಹೋದಳು.

ಮಾರನೇ ಬೆಳಿಗ್ಗೆ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಿದ್ದ. ತನಗರಿವಿಲ್ಲದೆ ಅದೇ ಹಾಡು ಗುನುಗುತ್ತಿದ್ದ. ಮೂರನೇ ಸಾಲಿನ ನಡುವೆ ಬಾಯಿ ನಿಂತಿತು. ಹಲ್ಲಿನ ನಡುವೆ ದಾರವಿತ್ತು. ಕತ್ತರಿ ಮೊಣಕಾಲ ಪಕ್ಕದಲ್ಲೇ ಬಿದ್ದಿತ್ತು. ದಾರ ಕಡಿದ. ಅಮ್ಮ ಸತ್ತಾಗಲೂ ಅವನು ಅಷ್ಟು ಅತ್ತಿರಲಿಲ್ಲ. ಆಮೇಲೆ ಇನ್ನೊಂದು ಗುಂಡಿ ತೆಗೆದುಕೊಂಡು, ಮೊದಲ ಸಾಲಿನಿಂದ ಶುರುಮಾಡಿದ.