ಎರಡು ಸೆಂಟಿನ ಗಂಟೆ

ಸರ್ಕಾರ ಒಂದು ಮತ್ತು ಎರಡು ಸೆಂಟಿನ ನಾಣ್ಯಗಳನ್ನು ಹಿಂದಕ್ಕೆ ಪಡೆಯತೊಡಗಿದ ವರ್ಷ, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಕಾರ್ವೆನ್ ಊರಿನ ಚರ್ಚಿಗೆ ಗಂಟೆ ಇರಲಿಲ್ಲ. ಶಾಲೆಯ ನಿವೃತ್ತ ಟೀಚರ್ ಹೇಜಲ್ ಪೆಂಗೆಲಿ ಮಕ್ಕಳಿಂದ ನಾಲ್ಕು ಡ್ರಮ್ ತುಂಬ ಆ ನಾಣ್ಯ ಕೂಡಿಸಿ, ಗಂಟೆ ಮಾಡಿಸಲೆಂದು ಎರಕ ಹೊಯ್ಯುವ ಆಲ್ಫ್ ಟ್ರೆಗಿಯರನ ಕುಲುಮೆ ಕೊಟ್ಟಿಗೆಯಲ್ಲಿ ಇಳಿಸಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಇದು ಹೆಸರಿಗೆ ಕಂಚು ಅಷ್ಟೆ, ಹೇಜಲ್,” ಎಂದ ಆಲ್ಫ್. “ನೂರಕ್ಕೆ ತೊಂಬತ್ತೇಳು ಪಾಲು ತಾಮ್ರ, ಎರಡೂವರೆ ಸತು, ತವರ ಬರೀ ಅರ್ಧ. ಗಂಟೆಗೆ ಇಪ್ಪತ್ತರ ಮೇಲೆ ತವರ ಬೇಕು. ಇಲ್ಲದಿದ್ರೆ ಢಣ್ ಅನ್ನಲ್ಲ, ದಬ್ ಅನ್ನುತ್ತೆ.”

“ಮಕ್ಕಳು ಕೊಟ್ಟಿದ್ದಕ್ಕೆ ಬೇರೇನೂ ಬೆರೆಸಕೂಡದು. ಪರಿಶುದ್ಧವಾಗಿರಲಿ.”

“ನಾಣ್ಯ ಕರಗಿಸೋದು ಅಪರಾಧ ಕಣಮ್ಮ. ಅನುಮತಿ ಬೇಕು.”

“ಅರ್ಜಿ ಹಾಕಿದೀನಿ. ನೀನು ಕುಲುಮೆ ಹೊತ್ತಿಸು.”

ಈಸ್ಟರ್ ಹತ್ತಿರ ಬಂತು, ಅನುಮತಿ ಬರಲಿಲ್ಲ. ಆಲ್ಫನಿಗೆ ಜೈಲಿನ ಭಯ ಒಂದು ಕಡೆ, ಹೇಜಲಳ ಭಯ ಇನ್ನೊಂದು ಕಡೆ. ಕೊನೆಗೆ ಗುಜರಿಯವನ ಹತ್ತಿರ, ಮುಚ್ಚಿಹೋದ ಗಣಿಯ ಒಡಕು ಗಂಟೆಯೊಂದನ್ನು ಕೊಂಡು ತಂದು, ಅದನ್ನೇ ಕರಗಿಸಿ ಹೊಸದಾಗಿ ಎರಕ ಹೊಯ್ದ. ಡ್ರಮ್ಮುಗಳ ಮೇಲೆ ಗೋಣಿಚೀಲ ಹೊದಿಸಿದ.

ಈಸ್ಟರ್ ಬೆಳಿಗ್ಗೆ ಗಂಟೆ ಹೊಡೆದಾಗ ಹೇಜಲ್ ಕಣ್ಣೊರೆಸಿಕೊಂಡಳು. “ಪರಿಶುದ್ಧ ಲೋಹ ಅಂದ್ರೆ ಇದು. ನೀನು ದಬ್ ಅನ್ನುತ್ತೆ ಅಂದಿದ್ದೆ.”

ನಿಜ ಹೇಳಲು ಆಲ್ಫ್ ಬಾಯಿ ತೆರೆದ. ಯಾರೋ ಕೈಗೆ ಮಾಂಸ ತುಂಬಿದ ಬಿಸಿ ಪ್ಯಾಸ್ಟಿ ಕೊಟ್ಟರು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಧೈರ್ಯ ಹೋಗಿತ್ತು.

ಮಕ್ಕಳ ನಾಣ್ಯ ಕರಗಿಸಿ ಗಂಟೆ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಅದನ್ನು ಓದಿ ಡೊನೆಲನ್ ಎಂಬ ಅಧಿಕಾರಿ ತನಿಖೆಗೆ ಬಂದ. ಹೇಜಲ್ ಚರ್ಚಿನ ಬಾಗಿಲಲ್ಲೇ ಅವನನ್ನು ತಡೆದಳು.

“ಕರಗಿಸೋಕೆ ಹೇಳಿದ್ದು ನಾನು. ಜೈಲಿಗೆ ಹಾಕೋದಾದ್ರೆ ಹಾಕಿ. ಹೊದಿಕೆ ನೀವೇ ಕೊಡ್ತೀರೋ, ನಾನು ತರಬೇಕೋ?”

ಡೊನೆಲನ್ ಗಂಟೆಯ ಅಂಚಿನಿಂದ ಚಿಟಿಕೆಯಷ್ಟು ಪುಡಿ ಉಜ್ಜಿ ಪರೀಕ್ಷೆಗೆ ತೆಗೆದುಕೊಂಡು ಹೋದ. ಎರಡು ವಾರಕ್ಕೆ ಮತ್ತೆ ಬಂದವನು ನೇರವಾಗಿ ಆಲ್ಫನ ಕೊಟ್ಟಿಗೆಗೇ ಬಂದ.

“ಆ ಗಂಟೆಯಲ್ಲಿ ತವರ ಇಪ್ಪತ್ತೆರಡು ಪಾಲು ಇದೆ. ಅದರಲ್ಲಿ ಒಂದು ಸೆಂಟೂ ಇಲ್ವಲ್ಲ, ಆಲ್ಫ್ ಅವರೇ?”

ಆಲ್ಫ್ ಗೋಣಿಚೀಲ ಸರಿಸಿದ. ಡೊನೆಲನ್ ನಾಲ್ಕು ಡ್ರಮ್ಮುಗಳನ್ನೂ ನೋಡಿ ಸ್ಟೂಲಿನ ಮೇಲೆ ಕೂತ.

“ಆಯಮ್ಮನಿಗೆ ಗೊತ್ತಾ?”

“ನೀವೇ ಹೇಳಿಬಿಡಿ.”

“ನನಗೆ ಹೆಂಡತಿ ಮಕ್ಕಳಿದ್ದಾರೆ,” ಎಂದ ಡೊನೆಲನ್. ವರದಿಯಲ್ಲಿ ‘ಅಪರಾಧ ನಡೆದಿಲ್ಲ’ ಎಂದಷ್ಟೇ ಬರೆದ.

ತನ್ನ ಧೈರ್ಯಕ್ಕೆ ಸರ್ಕಾರ ಮಣಿಯಿತೆಂದು ಹೇಜಲ್ ಊರೆಲ್ಲ ಹೇಳಿಕೊಂಡು ಬಂದಳು. ಆಲ್ಫ್ ದೂರದ ಊರಿನ ಬ್ಯಾಂಕಿನಲ್ಲಿ ನಾಣ್ಯಗಳನ್ನು ಕೊಟ್ಟು, ಬಂದ ಹಣವನ್ನು ಹೆಸರಿಲ್ಲದ ಲಕೋಟೆಯಲ್ಲಿಟ್ಟು ಚರ್ಚಿನ ಪೆಟ್ಟಿಗೆಗೆ ಹಾಕಿಬಿಟ್ಟ. ಎಷ್ಟೋ ದಿನದ ಮೇಲೆ ಅವತ್ತು ಅವನಿಗೆ ನಿದ್ದೆ ಬಂತು.

ಮುಂದಿನ ವಾರ ಹೇಜಲ್ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು.

“ಯಾರೋ ಪುಣ್ಯಾತ್ಮರು ದುಡ್ಡು ಹಾಕಿದಾರೆ. ಇನ್ನೊಂದು ಗಂಟೆ ಮಾಡಿಸೋಣ. ಈ ಸಲ ಮಕ್ಕಳ ಹತ್ತಿರ ಐದು ಸೆಂಟು ಕೂಡಿಸ್ತೀನಿ. ಅದರಲ್ಲಿ ಏನೇನಿದೆ?”

“ಮುಕ್ಕಾಲು ತಾಮ್ರ, ಕಾಲು ನಿಕ್ಕಲ್.”

“ತವರ?”

“ಚೂರೂ ಇಲ್ಲ.”

“ಒಳ್ಳೇದೇ ಆಯ್ತು,” ಎಂದಳು ಹೇಜಲ್. “ಹೋದ ಸಲ ಆ ಅರ್ಧ ಪಾಲು ತವರವೇ ಸ್ವಲ್ಪ ಜಾಸ್ತಿ ಆಗಿತ್ತೇನೋ ಅಂತ ನನಗೆ ಒಳಗೊಳಗೇ ಅನ್ನಿಸ್ತಿತ್ತು.”

ಆಲ್ಫ್ ಎದ್ದು ಟೀಗೆ ನೀರಿಟ್ಟ.