ಗಾಜಿನವನ ಹೊಸ ಗಾಡಿ

“ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಸಾರ್?”

ಶೋರೂಮಿನಾಕೆ ಕೇಳಿದ್ದು ಇಷ್ಟೇ. ಪಿಕಪ್ ಕೊಳ್ಳಲು ಬಂದವರನ್ನೆಲ್ಲ ಅವಳು ಮೊದಲು ಕೇಳುವ ಪ್ರಶ್ನೆ ಅದು. ಉತ್ತರ ಸಿಕ್ಕರೆ ಡೀಸೆಲ್ಲೋ ಪೆಟ್ರೋಲೋ ಎನ್ನುವುದು ಅರ್ಧ ತೀರ್ಮಾನವಾದ ಹಾಗೆ. ಗಾಜಿನವನು ಗಂಟಲು ಸರಿಮಾಡಿಕೊಂಡು, “ನೂರಿಪ್ಪತ್ತು. ಒಮ್ಮೊಮ್ಮೆ ನೂರೈವತ್ತೂ ಆಗುತ್ತೆ,” ಎಂದ.

“ಹಾಗಾದ್ರೆ ಕಣ್ಣು ಮುಚ್ಕೊಂಡು ಡೀಸೆಲ್ ತಗೊಳ್ಳಿ. ಭಾರ ಎಳೆಯುತ್ತೆ, ಮೈಲೇಜೂ ಕೊಡುತ್ತೆ.”

ಅವನಿಗೆ ಬೇಕಾಗಿದ್ದದ್ದೂ ಅದೇ ಮಾತು. ಸುಳ್ಳು ಹೇಳಿದೆನೆಂದು ಅವನಿಗೆ ಅನ್ನಿಸಲೇ ಇಲ್ಲ. ಇಪ್ಪತ್ತೆರಡು ವರ್ಷ ಅವನೂ ಅವನ ಭಾವಮೈದುನನೂ ಅಷ್ಟು ಓಡಿಸಿದ್ದು ನಿಜ ತಾನೇ? ಅಂಗಡಿಗಳ ಮುಂಭಾಗಕ್ಕೆ, ಆಫೀಸುಗಳ ಗೋಡೆಗೆ ಆಳೆತ್ತರದ ಗಾಜು ಕೂರಿಸುವುದು ಇಬ್ಬರ ಕೆಲಸ. ಒಬ್ಬ ಆಚೆ, ಒಬ್ಬ ಈಚೆ. “ಎತ್ತಲಾ?” ಎಂದು ಒಬ್ಬ ಕೇಳಬೇಕು, “ಎತ್ತು” ಎಂದು ಇನ್ನೊಬ್ಬ ಹೇಳಬೇಕು, ಆಮೇಲೇ ಕೈ ಹಚ್ಚುವುದು. ಗಾಜಿನವನ ಹೆಂಡತಿ ತೀರಿಕೊಂಡ ಮರುವಾರವೂ ಬೆಳಗ್ಗೆ ಏಳಕ್ಕೆ ಭಾವಮೈದುನ ಬಾಗಿಲಲ್ಲಿ ನಿಂತಿದ್ದ. ಎಂಟು ತಿಂಗಳ ಹಿಂದೆ ಅವನ ಭುಜಕ್ಕೆ ಆಪರೇಷನ್ ಆಯಿತು; ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋದಳು. ಅಂದಿನಿಂದ ಗಾಜಿನವನದು ಪಕ್ಕದ ಬೀದಿಗಳ ಕೆಲಸ: ಒಡೆದ ಕಿಟಕಿ, ಬಚ್ಚಲುಮನೆಯ ಕನ್ನಡಿ. ಭಾವಮೈದುನ ಬಂದೇ ಬರುತ್ತಾನೆ, ಬಂದ ದಿನ ದೂರ ಓಡುವ ಗಾಡಿ ಸಿದ್ಧವಿರಬೇಕು ಎಂದುಕೊಂಡೇ ಇವತ್ತು ಇಲ್ಲಿಗೆ ಬಂದಿದ್ದ.

ಹಳೆಯ ಗಾಡಿಗೆ ಬೆಲೆ ಕಟ್ಟಲು ಹೋಗಿದ್ದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

“ಯಜಮಾನ್ರೇ, ಕಳೆದ ಸರ್ವಿಸ್ ಆಗಿ ಎಂಟು ತಿಂಗಳು. ಓಡಿರೋದು ಸಾವಿರದ ನೂರು. ದಿನಕ್ಕೆ ನಾಲ್ಕೂವರೆ ಬಂತು. ನಮ್ಮನೆ ಕೋಳಿ ಇದಕ್ಕಿಂತ ಜಾಸ್ತಿ ಓಡಾಡುತ್ತೆ!”

ಶೋರೂಮಿನಾಕೆ ನಕ್ಕುಬಿಟ್ಟಳು, ಆಮೇಲೆ ಗಾಜಿನವನ ಮುಖ ನೋಡಿ ಕಾಗದ ಜೋಡಿಸತೊಡಗಿದಳು.

“ಇಷ್ಟಕ್ಕೆ ಡೀಸೆಲ್ ಬೇಡವೇ ಬೇಡ,” ಮೆಕ್ಯಾನಿಕ್ ಬಿಡಲಿಲ್ಲ. “ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತೆ. ದೂರ ಓಡಿ ಬಿಸಿಯಾದ್ರೆ ಮಸಿ ಸುಟ್ಟುಹೋಗುತ್ತೆ. ಬರೀ ಬೀದಿ ಸುತ್ತಿದ್ರೆ ಕಟ್ಕೊಳ್ಳುತ್ತೆ. ಪೆಟ್ರೋಲ್ ತಗೊಳ್ಳಿ.”

“ನನ್ನ ಭಾವಮೈದ ಬರ್ತಾನಪ್ಪ. ಬಂದ್ಮೇಲೆ ದೂರದ ಕೆಲಸಾನೇ.”

“ಯಾವಾಗ ಬರ್ತಾರೆ?”

ಅದನ್ನು ಅವನು ಎಂದೂ ಕೇಳಿರಲಿಲ್ಲ. ಹೊರಗೆ ಹೋಗಿ, ಹಳೆಯ ಗಾಡಿಗೆ ಒರಗಿ ಫೋನ್ ಮಾಡಿದ.

“ಏನ್ ಭಾವ, ದಾರಿ ತಪ್ಪಿ ನನ್ನ ನಂಬರ್ ಒತ್ತಿದ್ರಾ?”

“ಹೊಸ ಗಾಡಿ ತಗೋತಿದೀನಿ ಕಣೋ. ಡೀಸೆಲ್ ಅಂತ ಇದೀನಿ. ನೀನೇನಂತೀಯ?”

ಆ ಕಡೆ ಮಗುವಿನ ಕೇಕೆ ಕೇಳುತ್ತಿತ್ತು. ಬಾಗಿಲು ಮುಚ್ಚಿದ ಸದ್ದಾಯಿತು, ಕೇಕೆ ನಿಂತಿತು.

“ಭಾವ, ಮೊನ್ನೆ ಮೊಮ್ಮಗಳನ್ನ ಎತ್ಕೊಳ್ಳೋಕೆ ಹೋದೆ. ಭುಜ ಹೇಳ್ತು, ‘ಸ್ವಾಮಿ, ಕೂತ್ಕೊಂಡೇ ಮುದ್ದು ಮಾಡಿ’ ಅಂತ.” ಅವನೇ ನಕ್ಕ. ಇವನು ನಗಲಿಲ್ಲ. “ನಾನು ಇನ್ನು ಗಾಜು ಹಿಡಿಯಲ್ಲ ಭಾವ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ಗೊತ್ತು, ಗೊತ್ತು. ಗಾಡಿ ವಿಷಯ ಕೇಳಿದೆ, ಅಷ್ಟೇ.”

“ಪೆಟ್ರೋಲ್ ತಗೊಳ್ಳಿ. ಸದ್ದೂ ಕಮ್ಮಿ.”

“ಸದ್ದು ಕಮ್ಮಿ ಇರೋದಕ್ಕೆ ಗಾಡಿ ಯಾಕೋ? ಮನೇಲೇ ಬೇಕಾದಷ್ಟು ಕಮ್ಮಿ ಇದೆ.”

“ಇಡ್ತೀನಿ, ಕಾಯ್ತಿದಾರೆ,” ಎಂದು ಇವನೇ ಫೋನ್ ಇಟ್ಟ. ಇಟ್ಟ ಮೇಲೂ ಸ್ವಲ್ಪ ಹೊತ್ತು ಅದು ಕಿವಿಯ ಹತ್ತಿರವೇ ಇತ್ತು. ಆಮೇಲೆ ಒಳಗೆ ಬಂದು, “ಪೆಟ್ರೋಲೇ ಬರ್ಕೊಳ್ಳಿ,” ಎಂದ.

“ಪಕ್ಕಕ್ಕೆ ಗಾಜು ನಿಲ್ಲಿಸೋ ಚೌಕಟ್ಟು ಬೇಕಲ್ವಾ ಸಾರ್? ಎಷ್ಟು ಅಗಲ ಹಾಕಿಸ್ಲಿ?”

ಹಳೆಯ ಗಾಡಿಯಲ್ಲಿದ್ದ ಎಂಟಡಿಯೇ ನಾಲಿಗೆಯ ತುದಿಗೆ ಬಂತು.

“ಒಬ್ಬನೇ ಹಿಡಿಯೋವಷ್ಟು,” ಎಂದ. “ಅಳತೆ ತಗೊಳ್ಳಿ.” ಎರಡೂ ಕೈ ಚಾಚಿ ನಿಂತ.

ಮೆಕ್ಯಾನಿಕ್ ಟೇಪಿನ ತುದಿಯನ್ನು ಅವನ ಎಡ ಅಂಗೈಗೆ ಕೊಟ್ಟು, ಎದೆಯ ಮುಂದಿನಿಂದ ಎಳೆಯುತ್ತ ಬಲಗೈಯತ್ತ ನಡೆದ. “ಇನ್ನೊಂಚೂರು ಚಾಚಿ ಯಜಮಾನ್ರೇ.”

ಗಾಜಿನವನು ಇದ್ದಷ್ಟೂ ಚಾಚಿದ.

“ನಾಲ್ಕೂಮುಕ್ಕಾಲು ಅಡಿ,” ಎಂದು ಮೆಕ್ಯಾನಿಕ್ ಕೂಗಿದ. ಶೋರೂಮಿನಾಕೆ ಬರೆದುಕೊಂಡಳು.