ಬಿಟ್ಟಿ ದನಿ

ಟೀಚರ್‌ಗೆ ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಮೈಯೆಲ್ಲ ಉರಿ. ಮಕ್ಕಳು ‘ಬೋರ್ಡು’ ಅಂದರೆ ‘ಕರಿಹಲಗೆ’ ಎಂದು ಹತ್ತು ಸಲ ಹೇಳಿಸುವಾಕೆ. ಇಡೀ ಶಾಲೆ ತನ್ನನ್ನೇ ಟೀಚರ್ ಎಂದು ಕರೆಯುವುದನ್ನು ಮಾತ್ರ ಎಷ್ಟು ಹೆಣಗಿದರೂ ತಪ್ಪಿಸಲಾಗಿರಲಿಲ್ಲ. ಮನೆಯಲ್ಲೂ ಅದೇ ಪಾಡು. ಮೈದುನ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಎರಡು ಮಾತಿಗೊಂದು ಇಂಗ್ಲಿಷ್ ಉದುರಿಸುವವನು. ಅವನು ಮಾತಾಡುತ್ತ ಹೋದರೆ ಇವಳು ಹಿಂದಿನಿಂದ ತಿದ್ದುತ್ತ ಹೋಗುವಳು. ಅದೊಂದು ಮನೆಯ ತಮಾಷೆಯಾಗಿತ್ತು.

ಗಂಡ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಅಲ್ಲಿಯವರು ಅವನಿಗೆ ‘ಮೈಕು’ ಎಂದು ಹೆಸರಿಟ್ಟಿದ್ದರು, ಏಕೆಂದರೆ ಅವನಿಗೆ ಮೈಕು ಬೇಕಿರಲಿಲ್ಲ. ಅಂಥ ಗಂಟಲಿಗೇ ಕ್ಯಾನ್ಸರ್ ಬಂದು ವಕ್ಕರಿಸಿತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಒಂದು ಕಂಪನಿಯವರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸಾಲು ಸಾಲು ವಾಕ್ಯ ಓದಿಸಿ, ಅವನ ದನಿಯನ್ನು ಹಿಡಿದಿಟ್ಟುಕೊಂಡರು. ಆಮೇಲೆ ಅಂಗೈಯಗಲದ ಒಂದು ಯಂತ್ರ ಕೊಟ್ಟರು. ಅವನು ಅಕ್ಷರ ಒತ್ತಿದರೆ ಅದು ಅವನ ದನಿಯಲ್ಲೇ ಮಾತಾಡುತ್ತಿತ್ತು. ಅದೇ ಗೊಗ್ಗರು, ಮಾತಿನ ತುದಿಯಲ್ಲಿ ಅದೇ ಎಳೆತ.

ಅದರಿಂದ ನಿಜವಾಗಿ ಜೀವ ಉಳಿದದ್ದು ಅತ್ತೆಯದು. ಆಕೆಯ ಕಣ್ಣು ಹೋಗಿ ವರ್ಷಗಳಾಗಿದ್ದವು, ನೆನಪೂ ಈಚೆಗೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಮಗನ ರೋಗದ ಸುದ್ದಿಯನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಕೆಲಸದ ಮೇಲೆ ದೂರ ಹೋಗಿದ್ದಾನೆ ಎಂದು ಸುಳ್ಳು ಹೇಳಿ ದಿನ ನೂಕಿದ್ದರು. ಅವನು ಅರ್ಧ ಆಳಾಗಿ ಮನೆಗೆ ಬಂದು, ಯಂತ್ರವನ್ನು ಎದೆಗೆ ಹಿಡಿದು, “ಅಮ್ಮಾ, ಬಂದೆ” ಅನ್ನಿಸಿದಾಗ ಆಕೆ, “ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ?” ಎಂದು ಬೈದಿದ್ದಳು. ಆ ಬೈಗುಳ ಕೇಳಿ ಟೀಚರ್ ಅಡುಗೆಮನೆಗೆ ಓಡಿ, ಬಾಯಿಗೆ ಟವೆಲು ಒತ್ತಿಕೊಂಡು ಅತ್ತಿದ್ದಳು. ಅಲ್ಲಿಂದಾಚೆ ದಿನವೂ ಸಂಜೆ ಮಗ ಮಂಚದ ಅಂಚಿಗೆ ಕೂತು ನಾಲ್ಕು ಮಾತಾಡಿದರೆ ಮಾತ್ರ ಆಕೆ ತುತ್ತು ಬಾಯಿಗಿಡುವಳು.

ಒಂದು ಬೆಳಿಗ್ಗೆ ಯಂತ್ರದ ಪರದೆಯ ಮೇಲೆ ಎರಡು ಸಾಲು ಮೂಡಿದವು. ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿದೆ, ಈ ಹಳೆಯ ಸೇವೆ ಮುಂದಿನ ತಿಂಗಳ ಕೊನೆಗೆ ನಿಲ್ಲುತ್ತದೆ.

“ನಿಂತ್ರೆ ನಿಲ್ಲಲಿ. ಯಂತ್ರ ನಮ್ಮದೇ ಅಲ್ವೇನೋ?” ಎಂದಳು ಟೀಚರ್.

“ಯಂತ್ರ ನಮ್ದು ಅತ್ತಿಗೆ, ಒಳಗಿರೋ ದನಿ ನಮ್ದಲ್ಲ,” ಎಂದ ಮೈದುನ. “ಅದಕ್ಕೆ ಬೀಗ ಜಡಿದಿದಾರೆ. ಇದು ದಿನಾ ಅವರ ಸರ್ವರ್ ಹತ್ರ ಕೀ ಕೇಳತ್ತೆ. ಕೊಟ್ರೆ ಮಾತು, ಇಲ್ಲಾಂದ್ರೆ ಮೂಕ.”

“ನಿಮ್ಮಣ್ಣನ ದನಿ ನಿಮ್ಮಣ್ಣಂದಲ್ವಾ?”

“ಸೈನ್ ಮಾಡಿ ಕೊಟ್ಬಿಟ್ಟಿದೀವಿ.”

‘ಸಹಿ’ ಎಂದು ತಿದ್ದುವುದನ್ನೂ ಮರೆತು ಟೀಚರ್ ಅವನ ಮುಖವನ್ನೇ ನೋಡಿದಳು.

ಮೈದುನ ಕೈಕಟ್ಟಿ ಕೂರುವವನಲ್ಲ. ಯಂತ್ರದ ಹೊಟ್ಟೆ ಬಗೆದು ನೋಡಿದ. ಬಲ್ಲವರನ್ನೆಲ್ಲ ಕೇಳಿದ. ಬೀಗ ಒಡೆಯುವುದು ಆಗದ ಮಾತು ಎಂದರು. ಅದು ಆಡುವ ಮಾತನ್ನು ಹಿಡಿದು ಬೇರೆ ತಂತ್ರಾಂಶಕ್ಕೆ ಕಲಿಸೋಣವೆಂದರೆ, ಆ ದನಿಯೊಳಗೆ ಕಿವಿಗೆ ಕೇಳದ ಗುರುತೊಂದನ್ನು ಸೇರಿಸಿದ್ದರು. ಅದನ್ನು ಕಂಡ ಕೂಡಲೇ ಬೇರೆಯವು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕೊನೆಗೆ ಒಂದಷ್ಟು ಮಾತುಗಳನ್ನು ಫೋನಿಗೆ ತುಂಬಿಕೊಂಡು ಅತ್ತೆಯ ಮುಂದೆ ಆಡಿಸಿ ನೋಡಿದರು. ಆಕೆ, “ಮಂಡಿ ನೋಯ್ತಿದೆ ಕಣೋ” ಎಂದಾಗ ಫೋನು, “ಊಟ ಆಯ್ತಾ ಅಮ್ಮಾ?” ಎಂದಿತು. “ನಾನು ಹೇಳಿದ್ದೇನು, ನೀನು ಕೇಳ್ತಿರೋದೇನು? ತಲೆ ನೆಟ್ಟಗಿದ್ಯಾ?” ಎಂದು ಆಕೆ ಗದರಿದಳು. ಗಂಡ ಗಡಿಬಿಡಿಯಿಂದ ಯಂತ್ರ ಎತ್ತಿಕೊಂಡು ಸಮಾಧಾನ ಮಾಡಬೇಕಾಯಿತು.

ಅದೇ ಹೊತ್ತಿಗೆ ಸರ್ಕಾರ ಒಂದು ಸಮಿತಿ ಕೂರಿಸಿತ್ತು. ಕಂಪನಿಗಳು ಕೈಬಿಟ್ಟ ತಂತ್ರಾಂಶದ ಬೀಗ ತೆಗೆದು, ಒಳಗುಟ್ಟನ್ನು ಜನರಿಗೆ ಬಿಟ್ಟುಕೊಡಬೇಕೋ ಬೇಡವೋ ಎಂಬುದು ಅದರ ಮುಂದಿದ್ದ ಪ್ರಶ್ನೆ. ತೊಂದರೆಗೊಳಗಾದವರು ಬಂದು ಹೇಳಿಕೊಳ್ಳಬಹುದಿತ್ತು. ಸಮಿತಿ ಒಂದು ಮಾತು ಬರೆದರೆ ಕಂಪನಿ ಕೀಲಿಕೈ ಕೊಡಲೇಬೇಕು. ಮೈದುನನೇ ಓಡಾಡಿ ಅತ್ತಿಗೆಯ ಹೆಸರು ಸೇರಿಸಿದ.

“ಅವ್ರು ಸಾಫ್ಟ್‌ವೇರ್ ಫ್ರೀ ಮಾಡ್ಬೇಕು. ಅದೊಂದೇ ನಮ್ ಡಿಮ್ಯಾಂಡು,” ಎಂದು ಹೇಳಿಕೊಟ್ಟ. “ಏನು ಬಿಟ್ರೂ ಫ್ರೀ ಅನ್ನೋದನ್ನ ಬಿಡ್ಬೇಡಿ ಅತ್ತಿಗೆ.”

ಟೀಚರ್ ಭಾಷಣ ಬರೆದಳು. ಮೈದುನ ಹೇಳಿದ್ದನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದಳು. ಸಾಫ್ಟ್‌ವೇರ್ ಹೋಗಿ ತಂತ್ರಾಂಶ ಬಂತು, ಡಿಮ್ಯಾಂಡು ಹೋಗಿ ಬೇಡಿಕೆ ಬಂತು, ಫ್ರೀ ಇದ್ದಲ್ಲೆಲ್ಲ ಉಚಿತ ಬಂತು. ಒಮ್ಮೆ ತೋರಿಸಿ ಎಂದು ಮೈದುನ ಕೇಳಿದ್ದಕ್ಕೆ, “ನನ್ನ ಬರಹ ನೀನು ತಿದ್ದೋ ಕಾಲ ಬಂತೇನೋ?” ಎಂದು ನಕ್ಕು ಕಾಗದ ಮಡಿಚಿಟ್ಟಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಸಮಿತಿಯ ಕೋಣೆಯಲ್ಲಿ ಚಳಿ ಹಿಡಿಸುವಷ್ಟು ತಣ್ಣಗಿನ ಗಾಳಿ. ಕಂಪನಿಯ ವಕೀಲೆ ಮೆಲುದನಿಯಲ್ಲಿ, ಒಳಗುಟ್ಟು ಬಿಟ್ಟುಕೊಟ್ಟರೆ ಕಳ್ಳರಿಗೆ ಮನೆಯ ನಕ್ಷೆ ಕೊಟ್ಟಂತೆ, ನಾಳೆ ಯಾರದೋ ದನಿಯಲ್ಲಿ ಯಾರೋ ಮೋಸ ಮಾಡುತ್ತಾರೆ ಎಂದು ವಾದಿಸಿದಳು. ಬೀಗ ತೆಗೆಯಬೇಕೆಂದು ಬಂದಿದ್ದ ಎದುರು ಕಡೆಯವರು ಒಗ್ಗಟ್ಟಾಗಿ ನಿಲ್ಲಬೇಕಿತ್ತು. ಅವರೋ, ಯಾವ ಲೈಸೆನ್ಸಿನಲ್ಲಿ ಬಿಟ್ಟರೆ ಶುದ್ಧ, ಯಾವುದರಲ್ಲಿ ಬಿಟ್ಟರೆ ಮೈಲಿಗೆ ಎಂದು ತಮ್ಮತಮ್ಮಲ್ಲೇ ಕಿತ್ತಾಡಿದರು. ಬಾಯಿ ತೆರೆದರೆ ಓಪನ್ ಸೋರ್ಸ್, ಕಮ್ಯುನಿಟಿ, ಕೋಡು. ಇಷ್ಟು ಓದಿದವರಿಗೆ ತಮ್ಮ ಮಾತಿನಲ್ಲಿ ಹೇಳಲು ಬರದೇ ಎಂದು ಟೀಚರ್‌ಗೆ ರೇಗಿತು.

ಅವಳ ಸರದಿ ಬಂತು. ಎದ್ದು ಓದತೊಡಗಿದಳು. ಗಂಡನೂ ಪಕ್ಕದಲ್ಲಿ ನಿಂತು ಅಕ್ಷರ ಒತ್ತಿದ. “ಅಮ್ಮನ ಪಾಲಿಗೆ ನಾನಂದ್ರೆ ಇದೇ ಸ್ವಾಮಿ,” ಎಂದಿತು ಅವನ ಗೊಗ್ಗರು ದನಿ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೀಚರ್ ಕೊನೆಯ ಸಾಲು ಓದಿದಳು: “ಆದ್ದರಿಂದ ಈ ತಂತ್ರಾಂಶವನ್ನು ಉಚಿತಗೊಳಿಸಬೇಕೆಂಬುದೇ ನಮ್ಮ ಏಕೈಕ ಬೇಡಿಕೆ.”

ವಕೀಲೆ ಯಾರೊಂದಿಗೋ ಫೋನಿನಲ್ಲಿ ಪಿಸುಗುಟ್ಟಿ ಎದ್ದು ನಿಂತಳು. “ಉಚಿತವಾಗಿ ಕೊಡಿ ಅಂತ ಕೇಳಿದಾರೆ. ನಮ್ಮ ಕಂಪನಿಗೂ ಮನಸ್ಸಿದೆ. ನಮ್ಮ ಹೊಸ ಸೇವೆನ ಇವರಿಗೆ ಬದುಕಿರೋವರೆಗೂ ಉಚಿತವಾಗಿ ಕೊಡ್ತೀವಿ.”

ಚಪ್ಪಾಳೆ ಬಿತ್ತು. “ಅರ್ಜಿದಾರರ ಬೇಡಿಕೆ ಪೂರ್ತಿ ಈಡೇರಿದೆ ಅಂತ ಬರ್ಕೊಳ್ಳಿ,” ಎಂದರು ಅಧ್ಯಕ್ಷರು. ಗಂಡನ ದನಿ ಉಳಿಯಿತೆಂದುಕೊಂಡ ಟೀಚರ್ ಕೈಮುಗಿದು, “ನಿಮ್ಮ ಉಪಕಾರ ಮರೆಯಲ್ಲ” ಎಂದಳು. ಹಿಂದಿನ ಸಾಲಿನಲ್ಲಿ ಮೈದುನ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ.

ಹೊರಗೆ ಬಂದ ಮೇಲೆ ಅವನು ಸಿಡಿದ. “ಏನು ಮಾಡ್ಬಿಟ್ರಿ ಅತ್ತಿಗೆ! ಫ್ರೀ ಅಂದ್ರೆ ಬಿಟ್ಟಿ ಅಲ್ಲ. ಬಿಡುಗಡೆ! ಬೀಗದಿಂದ ಬಿಡುಗಡೆ! ಅವ್ರು ಕೊಡ್ತಿರೋ ಹೊಸದ್ರಲ್ಲಿ ಅಣ್ಣನ ದನಿ ಇಲ್ಲ.”

ಟೀಚರ್‌ಗೆ ನೆಲ ಬಾಯಿಬಿಟ್ಟ ಹಾಗಾಯಿತು. “ಮೊದಲೇ ಹೇಳ್ಬಾರ್ದಿತ್ತೇನೋ?”

“ಹೇಳಿದ್ನಲ್ಲ, ಫ್ರೀ ಅಂತ!”

ಅವಳು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು. ಅಷ್ಟರಲ್ಲಿ ಬೇರೊಬ್ಬರ ಸರದಿ ಶುರುವಾಗಿತ್ತು. “ಸ್ವಾಮಿ, ಉಚಿತ ಅಲ್ಲ, ಮುಕ್ತ! ಪದ ತಪ್ಪಾಯ್ತು. ಒಂದೇ ಒಂದು ಪದ ತಿದ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ!”

“ನೀವೇ ಕೇಳಿದ್ದು, ನೀವೇ ಒಪ್ಪಿದ್ದು. ದಾಖಲಾಗಿ ಹೋಗಿದೆಯಮ್ಮ,” ಎಂದರು ಅಧ್ಯಕ್ಷರು. ಅವರಿಗೂ ಪಾಪ ಅನ್ನಿಸಿತ್ತೇನೋ. ಆದರೆ ಊಟದ ಹೊತ್ತು ಮೀರಿತ್ತು.

“ಬಿಟ್ಟಿ ಕೊಟ್ರೂ ಬೇಡ ಅಂತಾರಲ್ಲ,” ಎಂದು ಯಾರೋ ನಕ್ಕರು. ಕಾವಲುಗಾರ ಅವಳ ತೋಳು ಹಿಡಿದು ಹೊರಗೆ ಕರೆತಂದ.

ಬಸ್ಸಿನಲ್ಲಿ ಗಂಡ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅಕ್ಷರ ಒತ್ತಿದ. “ನಿನ್ನ ಮೇಲೆ ಸಿಟ್ಟಿಲ್ಲ ಕಣೆ. ಭಯ ಆಗ್ತಿದೆ.” ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗದೆ ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಸಮಿತಿಗೆ ಮತ್ತೆ ಮತ್ತೆ ಬರೆದಳು. ‘ನಿಮ್ಮ ಪ್ರಕರಣ ಮುಗಿದಿದೆ’ ಎಂಬುದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ.

ತಿಂಗಳು ಮುಗಿಯಿತು. ಯಂತ್ರಕ್ಕೆ ಹೊಸ ಸೇವೆ ತಾನೇ ಇಳಿದುಕೊಂಡಿತು, ಮಾತು ಕೊಟ್ಟಂತೆ ಉಚಿತವಾಗಿ. ಅದರಲ್ಲಿದ್ದ ದನಿಗಳನ್ನೆಲ್ಲ ಗಂಡ ಹೆಂಡತಿ ಒಂದೊಂದಾಗಿ ಕೇಳಿದರು. ಎಲ್ಲವೂ ನಯವಾಗಿದ್ದವು, ಸ್ಪಷ್ಟವಾಗಿದ್ದವು, ರೈಲ್ವೆ ನಿಲ್ದಾಣದಲ್ಲಿ ಕೂಗುವವರಂತಿದ್ದವು. ಇದ್ದುದರಲ್ಲಿ ದಪ್ಪಗಿನದೊಂದನ್ನು ಆರಿಸಿದರು.

ಸಂಜೆ ಅವನು ಮಂಚದ ಅಂಚಿಗೆ ಕೂತ. ಅಕ್ಷರ ಒತ್ತಿದ. “ಅಮ್ಮಾ, ನಾನು,” ಎಂದಿತು ಯಂತ್ರ.

ಅತ್ತೆ ಬೆಚ್ಚಿ, ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತಳು. “ಯಾರು? ಬನ್ನಿ, ಕೂತ್ಕೊಳ್ಳಿ.”

ಅವನು ಆಕೆಯ ಕೈ ಹಿಡಿದುಕೊಂಡ. ಸೊರಗಿ ಎಲುಬಾದ ಆ ಬೆರಳುಗಳನ್ನು ಆಕೆ ಸವರಿ ನೋಡಿ, ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವನು ಮತ್ತೆ ಒತ್ತಿದ. “ನಿನ್ನ ಮಗ ಅಮ್ಮಾ.”

“ನನ್ನ ಮಗನ್ನ ನೋಡೋಕೆ ಬಂದ್ರಾ? ಇನ್ನೇನು ಬರ್ತಾನೆ. ಅವನ ದನಿ ಬೀದಿಯಿಂದಲೇ ಕೇಳತ್ತೆ, ನೀವೇ ನೋಡಿ.”

ಟೀಚರ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅತ್ತೆ, ಇವರೇ...” ಎಂದು ಶುರು ಮಾಡಿದಳು. ಮುಂದಕ್ಕೆ ಒಂದು ಪದವೂ ಬಾಯಿಗೆ ಬರಲಿಲ್ಲ.

ಅತ್ತೆ ಅವಳಿದ್ದ ಕಡೆ ಮುಖ ತಿರುಗಿಸಿದಳು. “ನಂಗೆ ಈಗ ಬೇಡ, ಅವನು ಬರಲಿ. ಮೊದಲು ಇವರಿಗೆ ಬಡಿಸಮ್ಮಾ. ಕೈಯಲ್ಲಿ ಮಾಂಸವೇ ಇಲ್ಲ. ಪಾಪ, ಯಾರ ಮನೆ ಮಗನೋ.”